ಕೆಮ್ಮುವವರ ಮಾತು ಮೊದಲು ಕೇಳಿ

ನರ್ಸಿಂಗ್‌ಗೆ ಸೇರಿದವರು, ಫಾರ್ಮಸಿ ಓದುತ್ತಿರುವವರು, ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿ ಕೆಲಸ ಹುಡುಕುತ್ತಿರುವವರು, ನೀಟ್ ಬರೆದು ಡಾಕ್ಟರಾಗಲು ಹೊರಟವರು, ನಮ್ಮ ತುಮಕೂರು ಸೀಮೆಯಲ್ಲಿ ಈಗ ಬೀದಿಗೊಬ್ಬರಂತೆ ಸಿಗುತ್ತೀರಿ. ಸಂತೋಷ. ತುಮಕೂರು ಅಂದರೆ ಸಿದ್ಧಗಂಗೆ, ಗುಬ್ಬಿ ಅಂದರೆ ವೀರಣ್ಣನವರ ನಾಟಕ ಕಂಪನಿ, ಕುಣಿಗಲ್ ಅಂದರೆ ಕುದುರೆ ಫಾರಂ, ದೊಡ್ಡಕೆರೆ ಎಂದು ಹೊರಗಿನವರಿಗೆ ಹೇಳಿ ಹೇಳಿ ನಿಮಗೂ ರೂಢಿಯಾಗಿರುತ್ತದೆ. ಆದರೆ ವೈದ್ಯಕೀಯ ಸಂಶೋಧನೆ ಓದುವವರ ಪುಸ್ತಕದಲ್ಲಿ ತುಮಕೂರಿನ ಹೆಸರು ಬೇರೊಂದು ಕಾರಣಕ್ಕೆ ಅಚ್ಚಾಗಿದೆ. ಆ ಕಾರಣ ನಮ್ಮೂರಿನ ಮಕ್ಕಳಿಗೇ ಗೊತ್ತಿಲ್ಲ ಅನ್ನುವುದು ನನ್ನ ಹೊಟ್ಟೆಯೊಳಗಿನ ಸಂಕಟ. ನಾನು ಸರ್ಕಾರಿ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತು ನಿವೃತ್ತಳಾದವಳು. ದೊಡ್ಡ ಡಿಗ್ರಿಯವಳಲ್ಲ. ಕಫ ನೋಡಿದವಳು. ಅಷ್ಟರ ಮಟ್ಟಿಗೆ ನನ್ನ ಮಾತು ಕೇಳಿ.

1960-61ರ ಸಂಗತಿ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಮೈಸೂರು ಅರಸು ಮನೆತನದ ಅವಲಾನ್ ಬಂಗಲೆಯಲ್ಲಿ, ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆಗಷ್ಟೇ ಶುರುವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಕೈಜೋಡಿಸಿದ್ದವು. 1960ರ ಸೆಪ್ಟೆಂಬರ್ 16ರಂದು ಜವಾಹರಲಾಲ್ ನೆಹರೂ ಬಂದು ಉದ್ಘಾಟನೆ ಮಾಡಿದರು. ಅದಕ್ಕೂ ಮುಂಚೆ 1955ರಿಂದ 58ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯೊಂದು, ಕ್ಷಯ ಪಟ್ಟಣದವರ ರೋಗ ಎಂಬ ಹಳೆಯ ನಂಬಿಕೆಯನ್ನು ಮುರಿದಿತ್ತು. ಹಳ್ಳಿಗಳಲ್ಲೂ ಅದು ಅಷ್ಟೇ ಪ್ರಮಾಣದಲ್ಲಿತ್ತು. ಹಾಗಾದರೆ ಒಂದು ಸಾಧಾರಣ ಜಿಲ್ಲೆಯಲ್ಲಿ ನಿಜಕ್ಕೂ ಎಷ್ಟು ಜನ ರೋಗಿಗಳಿದ್ದಾರೆ, ಅವರನ್ನು ಪತ್ತೆ ಮಾಡುವುದು ಹೇಗೆ? ಇದನ್ನು ತಿಳಿಯಲು ಸಂಸ್ಥೆಯವರು ಆರಿಸಿಕೊಂಡದ್ದು ನಮ್ಮ ಜಿಲ್ಲೆಯನ್ನು. ರಾಜ್ ನಾರಾಯಣ್ ಎಂಬ ತಜ್ಞರ ತಂಡ ಚೀಟಿ ಎತ್ತಿದಂತೆ ಹಳ್ಳಿಗಳನ್ನು ಆರಿಸಿಕೊಂಡು ಮನೆಮನೆ ಪಟ್ಟಿ ಮಾಡಿತು. ಮುಂಗೈಗೆ ಟ್ಯುಬರ್ಕುಲಿನ್ ಚುಚ್ಚಿ, ಮೂರ್ನಾಲ್ಕು ದಿನ ಬಿಟ್ಟು ಬಂದು ಗಂಟಿನ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದರು. ವ್ಯಾನಿನಲ್ಲಿ ತಂದ ಯಂತ್ರದಲ್ಲಿ ಎದೆಯ ಎಕ್ಸ್‌ರೇ ತೆಗೆದರು. ನೆರಳು ಕಂಡವರ ಕಫ ಪರೀಕ್ಷಿಸಿದರು. ಸಾವಿರ ಜನಕ್ಕೆ ಸುಮಾರು ನಾಲ್ವರ ಕಫದಲ್ಲಿ ಕ್ಷಯದ ರೋಗಾಣು ಸಿಕ್ಕಿತು.

ಇಷ್ಟೇ ಆಗಿದ್ದರೆ ತುಮಕೂರು ಒಂದು ಅಂಕಿಯಾಗಿ ಉಳಿದುಬಿಡುತ್ತಿತ್ತು. ಮುಂದೆ ನಡೆದದ್ದು ಮುಖ್ಯ.

ಆ ಕಾಲದ ದೊಡ್ಡವರಲ್ಲಿ ಒಂದು ಮಾತು ಗಟ್ಟಿಯಾಗಿ ಬೇರೂರಿತ್ತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ದೇವರು ದಿಂಡರು ಎಂದು ಮನೆಯಲ್ಲೇ ಕೂರುತ್ತಾರೆ, ನಾವೇ ಎಕ್ಸ್‌ರೇ ವ್ಯಾನ್ ತೆಗೆದುಕೊಂಡು ಹೋಗಿ ಹುಡುಕಬೇಕು ಎಂಬುದು ಆ ಮಾತು. 43 ಕೋಟಿ ದಾಟಿದ್ದ ಜನಕ್ಕೆ ಎಷ್ಟು ವ್ಯಾನ್ ಬೇಕು, ಎಷ್ಟು ಫಿಲಂ ಬೇಕು, ಲೆಕ್ಕ ಹಾಕಿ. ಆಗ ಸಂಸ್ಥೆಯಲ್ಲಿದ್ದ ಇಬ್ಬರು, ದೇಬಬರ್ ಬ್ಯಾನರ್ಜಿ ಎಂಬ ವೈದ್ಯರೂ ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಬಂದಿದ್ದ ಸ್ಟಿಗ್ ಆಂಡರ್ಸನ್ ಅವರೂ, ಒಂದು ಸರಳ ಕೆಲಸ ಮಾಡಿದರು. ಸಮೀಕ್ಷೆ ಮುಗಿದ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಮತ್ತೆ ಜನರನ್ನು ಕಳಿಸಿ, ರೋಗವಿದ್ದವರನ್ನೂ ಅದೇ ಊರಿನ, ಅದೇ ವಯಸ್ಸಿನ ರೋಗವಿಲ್ಲದವರನ್ನೂ ಮನೆಯಲ್ಲೇ ಮಾತನಾಡಿಸಿದರು. ಕೆಮ್ಮು ಇದೆಯಾ, ಜ್ವರ ಇದೆಯಾ ಎಂದು ಬಾಯಿಗೆ ಮಾತು ತುರುಕಲಿಲ್ಲ. ಹೇಗಿದ್ದೀರಿ, ಮೈಯಲ್ಲಿ ಏನಾದರೂ ತೊಂದರೆಯಾ, ಅದಕ್ಕೆ ಏನು ಮಾಡಿದಿರಿ, ಹೀಗೆ ಕೇಳಿದರು. ಕೇಳಿ, ಸುಮ್ಮನೆ ಕೂತರು.

ಹಳ್ಳಿಯವರು ಎಲ್ಲವನ್ನೂ ಹೇಳಿದರು. ಕಫದಲ್ಲಿ ರೋಗಾಣು ಇದ್ದವರಲ್ಲಿ ನೂರಕ್ಕೆ 95 ಜನಕ್ಕೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಹತ್ತಿರ ಹತ್ತಿರ ಮುಕ್ಕಾಲು ಪಾಲು ಮಂದಿ ಅದಕ್ಕಾಗಿ ಚಿಂತೆಗೆ ಬಿದ್ದಿದ್ದರು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆ, ಡಿಸ್ಪೆನ್ಸರಿಯ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟ್ಲಿ ಕೆಮ್ಮಿನ ಔಷಧಿ.

ಓದಿ ಮುಂದೆ ಹೋಗಬೇಡಿ, ಸ್ವಲ್ಪ ನಿಲ್ಲಿ. ಅಜ್ಞಾನ ಇದ್ದದ್ದು ಯಾರ ಬಳಿ? ರೋಗಿಗೆ ರೋಗ ಗೊತ್ತಿತ್ತು, ಅವನು ಬಂದಿದ್ದ, ಹೇಳಿದ್ದ. ಮೇಜಿನ ಈಚೆ ಕೂತವರು ಕೇಳಿಸಿಕೊಂಡಿರಲಿಲ್ಲ. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಈ ಅಧ್ಯಯನ ಅಚ್ಚಾಯಿತು. ಅದಕ್ಕೂ ಮೊದಲೇ, 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಇದೇ ತಿಳಿವಳಿಕೆಯ ಮೇಲೆ ನಿಂತಿತು. ವ್ಯಾನುಗಳ ಹಿಂದೆ ಓಡುವುದನ್ನು ಬಿಟ್ಟು, ಮಾಮೂಲಿ ಸರ್ಕಾರಿ ಆಸ್ಪತ್ರೆಗೆ ತಾನಾಗಿ ಕೆಮ್ಮುತ್ತಾ ಬರುವವರ ಕಫವನ್ನು ಅಲ್ಲೇ ಮೈಕ್ರೋಸ್ಕೋಪಿನಲ್ಲಿ ನೋಡಿ ಅಲ್ಲೇ ಮಾತ್ರೆ ಕೊಡುವ ಪದ್ಧತಿ ಬಂತು. ಪಾವಗಡದ ಆಚೆ ಗಡಿಯ ಅನಂತಪುರ ಜಿಲ್ಲೆಯಲ್ಲಿ ಅದನ್ನು ಮೊದಲು ಪ್ರಯೋಗಿಸಿ ನೋಡಿದರು. ಇವತ್ತು ಎರಡು ವಾರ ಮೀರಿ ಕೆಮ್ಮಿದರೆ ಕಫ ಕೊಡಿ ಎಂದು ಆಶಾ ಕಾರ್ಯಕರ್ತೆ ಹೇಳುತ್ತಾಳಲ್ಲ, ಆ ಮಾತಿನ ಬೇರು ನಮ್ಮ ಜಿಲ್ಲೆಯ ಜಗಲಿಗಳಲ್ಲಿದೆ.

ಆದರೆ ಕಾರ್ಯಕ್ರಮ ಬಂದ ಮಾತ್ರಕ್ಕೆ ಬಾಟ್ಲಿ ಔಷಧಿ ಹೋಗಲಿಲ್ಲ. ಗುಬ್ಬಿ ಕಡೆಯ ಹೆಂಗಸೊಬ್ಬಳು, ಅಡಕೆ ಸುಲಿಯುವ ಕೂಲಿಯವಳು, ನಮ್ಮ ಲ್ಯಾಬಿಗೆ ಬಂದಾಗ ಬ್ಯಾಗಿನಿಂದ ಖಾಲಿ ಬಾಟ್ಲಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಳು. ಒಂದು ಕೆಂಪು, ಒಂದು ಹಸಿರು, ಒಂದು ಕಂದು. ‘ಇದು ಸುಗ್ಗಿಗೆ ಮುಂಚೆ ಕೊಟ್ಟಿದ್ದು, ಇದು ಹಬ್ಬದಾಗೆ, ಇದು ಮೊನ್ನೆ’ ಅಂದಳು. ರಾತ್ರಿ ಮೈ ಬೆವರುವುದು, ರವಿಕೆ ಸಡಿಲವಾದದ್ದು, ಸಂಜೆ ಹೊತ್ತಿಗೆ ಮೈ ಬೆಚ್ಚಗಾಗುವುದು ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಪಠ್ಯಪುಸ್ತಕದಲ್ಲಿ ಇದಕ್ಕಿಂತ ಚೆನ್ನಾಗಿ ಬರೆದಿಲ್ಲ. ಬಾಟ್ಲಿ ಕೊಟ್ಟ ಕ್ಲಿನಿಕ್ಕುಗಳಲ್ಲಿ ಇದನ್ನು ಹೇಳಲಿಲ್ಲವಾ ಎಂದು ಕೇಳಿದೆ. ‘ಹೇಳಿದ್ನಲ್ಲ, ಅವರು ಬರೀತಾ ಇದ್ರು’ ಅಂದಳು.

ಬರೆಯುತ್ತಾ ಕೇಳಬೇಡಿ ಮಕ್ಕಳೇ. ಈಗ ಬರೆಯುವುದರ ಜೊತೆಗೆ ಟ್ಯಾಬ್‌ನಲ್ಲಿ ಒತ್ತುವುದೂ ಸೇರಿಕೊಂಡಿದೆ, ಅದು ಇನ್ನೂ ಕಷ್ಟ. ಮೊದಲ ಎರಡು ನಿಮಿಷ ಮುಖ ನೋಡಿ ಕೇಳಿ, ಆಮೇಲೆ ಒತ್ತಿ. ಪಾವಗಡ, ಮಧುಗಿರಿ ಕಡೆಯಿಂದ ಸೊಂಟ ಬಗ್ಗದ, ಮಂಡಿ ಮಡಚದ ರೋಗಿ ಬಂದರೆ ನೋವಿನ ಮಾತ್ರೆಗೆ ಮುಂಚೆ ಯಾವ ಬೋರ್‌ವೆಲ್ ನೀರು ಕುಡಿಯುತ್ತೀರಿ ಎಂದು ಕೇಳುವಷ್ಟು ವ್ಯವಧಾನ ಇರಲಿ. ಫ್ಲೋರೈಡ್ ನೀರಿಗೆ ಮಾತ್ರೆ ಮದ್ದಲ್ಲ.

ಕಫ ನೋಡುವ ಕೆಲಸವನ್ನೂ ಸ್ವಲ್ಪ ಹೇಳಿಬಿಡುತ್ತೇನೆ, ಏಕೆಂದರೆ ಸಂಶೋಧನೆ ಎಂಬ ದೊಡ್ಡ ಶಬ್ದದ ತಳದಲ್ಲಿ ಇಂಥ ಸಣ್ಣ ಕೆಲಸಗಳೇ ಇರುವುದು. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು, ಎಂಜಲು ಬೇಡ. ಬಿದಿರ ಕಡ್ಡಿಯ ತುದಿ ಮುರಿದು, ಹಳದಿ ಗಟ್ಟಿ ಭಾಗವನ್ನು ಎತ್ತಿ, ಗಾಜಿನ ಸ್ಲೈಡಿನ ನಡುವೆ ಮೂರು ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ಅಗಲ ಸವರಬೇಕು. ತೀರಾ ದಪ್ಪವೂ ಬೇಡ, ತೀರಾ ತೆಳುವೂ ಬೇಡ. ಕೆಳಗಿಟ್ಟ ಪತ್ರಿಕೆಯ ಅಕ್ಷರ ಮಸುಕಾಗಿ ಕಾಣುವಷ್ಟು. ಒಣಗಿದ ಮೇಲೆ ಜ್ವಾಲೆಯ ಮೇಲೆ ಹಾಯಿಸಿ, ಕೆಂಪು ಕಾರ್ಬಾಲ್ ಫುಕ್ಸಿನ್ ಸುರಿದು, ಆವಿ ಏಳುವ ತನಕ ಕಾಯಿಸಿ ಐದು ನಿಮಿಷ ಬಿಡಬೇಕು. ಕುದಿಯಬಾರದು. ಆಮೇಲೆ ಆಸಿಡ್‌ನಲ್ಲಿ ತೊಳೆದರೆ ಎಲ್ಲದರ ಕೆಂಪೂ ಹೋಗುತ್ತದೆ, ಕ್ಷಯದ ಕಡ್ಡಿಗಳದ್ದು ಮಾತ್ರ ಹೋಗುವುದಿಲ್ಲ. ಕೊನೆಗೆ ಮೆಥಿಲಿನ್ ಬ್ಲೂ ಹಾಕಿ ಎಣ್ಣೆ ಲೆನ್ಸಿನಡಿ ಇಟ್ಟರೆ ನೀಲಿ ಬಯಲಿನಲ್ಲಿ ಸಣ್ಣ ಕೆಂಪು ಕಡ್ಡಿಗಳು. ಒಂದಲ್ಲ ಎರಡಲ್ಲ, ನೂರು ಜಾಗ ಸರಿಸಿ ಸರಿಸಿ ನೋಡಿದ ಮೇಲೆಯೇ ‘ಇಲ್ಲ’ ಎಂದು ಬರೆಯಬೇಕೆಂಬುದು ನಿಯಮ. ನೂರೂ ನೋಡಿದರೆ ಕನಿಷ್ಠ ಐದು ನಿಮಿಷ ಹಿಡಿಯುತ್ತದೆ. ಊಟದ ಹೊತ್ತಿಗೆ ಸ್ಲೈಡ್ ರಾಶಿ ಬಿದ್ದಿರುವಾಗ ಮೂವತ್ತಕ್ಕೇ ನಿಲ್ಲಿಸುವ ಆಸೆ ಯಾರಿಗಾದರೂ ಬರುತ್ತದೆ. ನಿಲ್ಲಿಸಿದರೆ ಕೇಳುವವರಿಲ್ಲ. ಆದರೆ ನೀವು ಬರೆಯುವ ಆ ‘ಇಲ್ಲ’ ಜಿಲ್ಲೆಗೆ ಹೋಗುತ್ತದೆ, ದೆಹಲಿಗೆ ಹೋಗುತ್ತದೆ, ಜಿನೀವಾದ ಪಟ್ಟಿಯಲ್ಲಿ ಒಂದು ಅಂಕಿಯಾಗಿ ಕೂರುತ್ತದೆ. ಇತ್ತ ಆ ಮನುಷ್ಯ ಬಸ್ಸು ಹತ್ತಿ ಮನೆಗೆ ಹೋಗಿ ಮೊಮ್ಮಗುವನ್ನು ಎತ್ತಿಕೊಳ್ಳುತ್ತಾನೆ.

ಈಗ ಟ್ರೂನಾಟ್ ಬಂದಿದೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡು, ಗೋವಾದ ಮೋಲ್ಬಯೋ ತಯಾರಿಸುವ ಪುಟ್ಟ ಯಂತ್ರ. ಬ್ಯಾಟರಿಯಲ್ಲೂ ನಡೆಯುತ್ತದೆ, ರೋಗಾಣುವಿನ ಡಿಎನ್‌ಎಯನ್ನೇ ಹಿಡಿಯುತ್ತದೆ, ರಿಫಾಂಪಿಸಿನ್ ಮಾತ್ರೆಗೆ ರೋಗಾಣು ಬಗ್ಗುತ್ತದೋ ಇಲ್ಲವೋ ಎಂಬುದನ್ನೂ ಹೇಳುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಮನ್ನಣೆ ಕೊಟ್ಟಿತು. ನನಗೆ ಹೊಟ್ಟೆಕಿಚ್ಚಿಲ್ಲ, ನನ್ನ ಕಣ್ಣಿಗೆ ತಪ್ಪಿಸಿಕೊಳ್ಳುವುದು ಅದಕ್ಕೆ ಸಿಕ್ಕಿಬೀಳುತ್ತದೆ. ಆದರೆ ಯಂತ್ರಕ್ಕೂ ಎಂಜಲು ಕೊಟ್ಟರೆ ಅದು ಎಂಜಲಿನ ಉತ್ತರವನ್ನೇ ಕೊಡುತ್ತದೆ. ಡಬ್ಬಿ ಕೈಗಿಡುವಾಗ ಹೇಗೆ ಕೆಮ್ಮಬೇಕೆಂದು ಒಮ್ಮೆ ಕೆಮ್ಮಿ ತೋರಿಸಿ. ನಾಚಿಕೆ ಬೇಡ.

ಎರಡನೆಯ ಮಾತು, ದಿನಾ ಮೊಬೈಲಿಗೆ ಬಂದು ಬೀಳುವ ‘ಹೊಸ ಔಷಧಿ ಕಂಡುಹಿಡಿದರು’ ಸುದ್ದಿಗಳದ್ದು. ಸಕ್ಕರೆ ಕಾಯಿಲೆಗೆ ಒಂದು, ಕ್ಯಾನ್ಸರಿಗೆ ಒಂದು, ಮಂಡಿನೋವಿಗೆ ಎರಡು. ಮನೆಯವರು ನಿಮ್ಮನ್ನೇ ಕೇಳುತ್ತಾರೆ, ನೀವು ಓದಿದವರು ಎಂದು. ಆಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಯಾವುದಕ್ಕೆ ಹೋಲಿಸಿ?

ಇದು ಯಾಕೆ ಮುಖ್ಯ ಎಂದು ಇಲ್ಲೇ ಪಕ್ಕದ ಊರುಗಳ ಲೆಕ್ಕದಿಂದ ಹೇಳುತ್ತೇನೆ. ಅದೇ ಕ್ಷಯರೋಗ ಸಂಸ್ಥೆ 1961ರಿಂದ 68ರವರೆಗೆ ಆಗಿನ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳನ್ನು ಮತ್ತೆ ಮತ್ತೆ ಸುತ್ತಿ ನೋಡಿತು. ಕಫದಲ್ಲಿ ರೋಗಾಣು ಇದ್ದವರು ಐದು ವರ್ಷದಲ್ಲಿ ಏನಾದರು ಎಂದು ಲೆಕ್ಕ ಹಾಕಿದರೆ, ಹತ್ತಿರ ಹತ್ತಿರ ಅರ್ಧದಷ್ಟು ಜನ ತೀರಿಹೋಗಿದ್ದರು. ಐದರಲ್ಲೊಬ್ಬರಷ್ಟು ಇನ್ನೂ ರೋಗಾಣು ಹೊತ್ತು ತಿರುಗುತ್ತಿದ್ದರು. ಉಳಿದ ಸುಮಾರು ಮೂರನೇ ಒಂದು ಪಾಲಿನವರ ಕಫದಲ್ಲಿ ರೋಗಾಣು ಕಾಣೆಯಾಗಿತ್ತು. ಸರಿಯಾದ ಔಷಧಿ ಹಳ್ಳಿಗೆ ಇನ್ನೂ ತಲುಪಿರದ ಕಾಲದಲ್ಲಿ ಮೂವರಲ್ಲಿ ಒಬ್ಬರಿಗೆ ರೋಗ ಇಳಿದಿತ್ತು! ಈಗ ಹೇಳಿ, ಆ ಊರಲ್ಲಿ ಬೇರು ಅರೆದು ಕೊಡುವವನೊಬ್ಬ ಇದ್ದಿದ್ದರೆ ಆ ಮೂರನೇ ಒಂದು ಪಾಲಿನವರೆಲ್ಲ ಯಾರ ಹೆಸರು ಹೇಳುತ್ತಿದ್ದರು? ತೀರಿಹೋದವರು ಬಂದು ಸಾಕ್ಷಿ ಹೇಳುವುದಿಲ್ಲ. ಉಳಿದವರು ಮಾತ್ರ ಯೂಟ್ಯೂಬಿನಲ್ಲಿ ಮಾತನಾಡುತ್ತಾರೆ.

ನಿಮ್ಮ ತೆಂಗಿನ ತೋಟಕ್ಕೆ ಹೊಸ ಗೊಬ್ಬರ ಹಾಕಿದ ವರ್ಷವೇ ಮಳೆಯೂ ಚೆನ್ನಾಗಿ ಆಯಿತು ಅನ್ನಿ. ಕಾಯಿ ಜಾಸ್ತಿ ಬಂದದ್ದು ಗೊಬ್ಬರದಿಂದಲೋ ಮಳೆಯಿಂದಲೋ? ಅದೇ ತೋಟದ ಅರ್ಧ ಸಾಲಿಗೆ ಮಾತ್ರ ಹಾಕಿ, ಉಳಿದರ್ಧವನ್ನು ಹಾಗೇ ಬಿಟ್ಟು ಎಣಿಸಿದ್ದರೆ ತಿಳಿಯುತ್ತಿತ್ತು. ಯಾವ ಸಾಲಿಗೆ ಎಂಬುದನ್ನು ತೋಟದವನೇ ಆರಿಸಿದರೆ ಒಳ್ಳೆಯ ಮರಕ್ಕೇ ಸುರಿಯುತ್ತಾನೆ, ಹಾಗಾಗಿ ಚೀಟಿ ಎತ್ತಬೇಕು.

ಮನುಷ್ಯರ ವಿಷಯದಲ್ಲಿ ಹೀಗೆ ಚೀಟಿ ಎತ್ತಿ ನೋಡಿದ ಹೆಸರಾಂತ ಪ್ರಯೋಗವೂ ಕ್ಷಯದ್ದೇ. ಯುದ್ಧ ಮುಗಿದ ಇಂಗ್ಲೆಂಡಿನಲ್ಲಿ ಸ್ಟ್ರೆಪ್ಟೋಮೈಸಿನ್ ಇದ್ದದ್ದೇ ಸ್ವಲ್ಪ, ಎಲ್ಲರಿಗೂ ಸಾಲುತ್ತಿರಲಿಲ್ಲ. ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞ ಮುಚ್ಚಿದ ಲಕೋಟೆಗಳಿಂದ ಯಾರಿಗೆ ಔಷಧಿ, ಯಾರಿಗೆ ಬರೀ ವಿಶ್ರಾಂತಿ ಎಂಬುದನ್ನು ತೀರ್ಮಾನಿಸುವ ವ್ಯವಸ್ಥೆ ಮಾಡಿದರು. ಅವರಿಗೂ ಹರೆಯದಲ್ಲಿ, ಮೊದಲ ಮಹಾಯುದ್ಧದ ಸೇವೆಯಲ್ಲಿದ್ದಾಗ ಕ್ಷಯ ತಗುಲಿ, ಡಾಕ್ಟರಾಗುವ ಆಸೆ ಅಲ್ಲಿಗೇ ನಿಂತಿತ್ತು. 1948ರಲ್ಲಿ ಫಲಿತಾಂಶ ಬಂತು: ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ ನಾಲ್ವರು ಸತ್ತಿದ್ದರು, ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14. ಪತ್ರಿಕೆಯವರು ಇಲ್ಲಿಗೆ ನಿಲ್ಲಿಸುತ್ತಾರೆ. ನೀವು ಇನ್ನೊಂದು ಪ್ರಶ್ನೆ ಕೇಳಬೇಕು, ಎಷ್ಟು ದಿನ ನೋಡಿದರು ಎಂದು. ಐದು ವರ್ಷ ಕಳೆಯುವಷ್ಟರಲ್ಲಿ ಎರಡೂ ಗುಂಪಿನ ಅಂತರ ಬಹುಪಾಲು ಕರಗಿತ್ತು. ಒಂದೇ ಔಷಧಿಗೆ ರೋಗಾಣು ಪಳಗಿಬಿಟ್ಟಿತ್ತು. ಕ್ಷಯಕ್ಕೆ ಎರಡು ಮೂರು ನಾಲ್ಕು ಔಷಧಿ ಸೇರಿಸಿಯೇ ಕೊಡಬೇಕೆಂಬ ಪಾಠ ಅಲ್ಲಿಂದ ಬಂತು. ‘ನಾಲ್ಕು ಮಾತ್ರೆ ಯಾಕೆ ಸಿಸ್ಟರ್, ಒಂದು ಸಾಲದಾ?’ ಎಂದು ಕುಣಿಗಲ್ಲಿನ ಅಜ್ಜ ಕೇಳಿದರೆ ಗದರಬೇಡಿ. ಅವನ ಪ್ರಶ್ನೆಗೆ ಉತ್ತರ ಹುಡುಕಲು ದೊಡ್ಡ ದೊಡ್ಡವರಿಗೆ ವರ್ಷಗಳೇ ಹಿಡಿದವು.

ಮದರಾಸಿನ ಪ್ರಯೋಗವನ್ನೂ ತಿಳಿದಿರಿ. 1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿಯವರೆಗೆ ಕ್ಷಯ ಬಂದವರಿಗೆ ಸ್ಯಾನಟೋರಿಯಮ್ಮೇ ಗತಿ. ತಂಪು ಗಾಳಿ, ಮೊಟ್ಟೆ, ಹಾಲು, ತಿಂಗಳುಗಟ್ಟಲೆ ಮಂಚ. ಉಳ್ಳವರಿಗೆ ಸರಿ, ಉಳಿದವರಿಗೆ ಹಾಸಿಗೆ ಎಲ್ಲಿತ್ತು? ಕೇಂದ್ರದವರು 193 ಬಡ ರೋಗಿಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ, ಒಂದು ಪಾಲನ್ನು ಸ್ಯಾನಟೋರಿಯಮ್ಮಿನಲ್ಲಿ, ಇನ್ನೊಂದನ್ನು ಇಕ್ಕಟ್ಟಿನ ಅವರ ಮನೆಗಳಲ್ಲೇ ಇಟ್ಟು, ಇಬ್ಬರಿಗೂ ಒಂದೇ ಔಷಧಿ ಕೊಟ್ಟರು. ವರ್ಷದ ಕೊನೆಗೆ ಗುಣವಾದ ಪ್ರಮಾಣ ಹೆಚ್ಚುಕಮ್ಮಿ ಒಂದೇ. ಮನೆಯಲ್ಲಿದ್ದರೆ ಮನೆಮಂದಿಗೆಲ್ಲ ಹಬ್ಬುತ್ತದೆ ಎಂಬ ಭಯವೂ ಸುಳ್ಳಾಯಿತು. ಔಷಧಿ ಶುರುವಾದ ಮೇಲೆ ಮನೆಯಲ್ಲಿಟ್ಟುಕೊಂಡದ್ದರಿಂದ ಹೆಚ್ಚಿನ ಅಪಾಯ ಕಾಣಲಿಲ್ಲ. 1959ರಲ್ಲಿ ಇದು ಪ್ರಕಟವಾದ ಮೇಲೆ ಜಗತ್ತಿನ ಸ್ಯಾನಟೋರಿಯಮ್ಮುಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ಇಷ್ಟಾದರೂ ನಮ್ಮಲ್ಲಿ ಸೊಸೆಗೆ ಟಿಬಿ ಎಂದು ತಿಳಿದರೆ ತಟ್ಟೆ ಲೋಟ ಬೇರೆ ಇಡುವವರಿದ್ದಾರೆ, ತವರಿಗೆ ಕಳಿಸುವವರಿದ್ದಾರೆ. ತಟ್ಟೆಯಿಂದ ಟಿಬಿ ಬರುವುದಿಲ್ಲ. ಅಂಥ ಮನೆಗೆ ಹೋದಾಗ ಅವಳ ಲೋಟದಲ್ಲೇ ಕಾಫಿ ಕೇಳಿ ಕುಡಿಯಿರಿ. ಭಾಷಣಕ್ಕಿಂತ ಅದು ಬೇಗ ನಾಟುತ್ತದೆ.

ಪ್ರಯೋಗ ಸೋತರೂ ಹೇಳಬೇಕು ಎಂಬುದಕ್ಕೆ ಚೆಂಗಲ್ಪಟ್ಟು ಸಾಕ್ಷಿ. 1968ರಲ್ಲಿ ಅಲ್ಲಿ ಲಕ್ಷಾಂತರ ಜನರ ಮೇಲೆ ಬಿಸಿಜಿ ಲಸಿಕೆಯ ದೊಡ್ಡ ಪರೀಕ್ಷೆ ಶುರುವಾಯಿತು. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅದು ತಡೆಯುವುದಿಲ್ಲ ಎಂಬ ಕಹಿ ಉತ್ತರ ಬಂತು. ದೇಶವೇ ನೆಚ್ಚಿಕೊಂಡಿದ್ದ ಲಸಿಕೆ ಅದು. ಆದರೂ ಮುಚ್ಚಿಡದೆ ಪ್ರಕಟಿಸಿದರು. ಎಳೆಮಕ್ಕಳಲ್ಲಿ ಮಿದುಳಿಗೆ ಏರುವಂಥ ಕ್ಷಯವನ್ನು ಬಿಸಿಜಿ ತಡೆಯುತ್ತದೆ, ಹಾಗಾಗಿ ಹುಟ್ಟಿದ ಕೂಡಲೇ ಹಾಕಿಸುವುದನ್ನು ಬಿಡಬಾರದು. ಲಸಿಕೆ ‘ಕೆಲಸ ಮಾಡುತ್ತದಾ’ ಎಂಬ ಪ್ರಶ್ನೆ ಅರ್ಧದ್ದು. ಯಾರಿಗೆ, ಯಾವ ರೂಪದ ರೋಗಕ್ಕೆ ಎಂಬುದು ಸೇರಿದರೆ ಪೂರ್ತಿ.

ಕೊರೊನಾ ಕಾಲದಲ್ಲಿ ಇದೇ ಆಯಿತು. ಡೆಕ್ಸಾಮೆಥಸೋನ್ ನಮ್ಮ ಪಿಎಚ್‌ಸಿ ಕಪಾಟಿನಲ್ಲಿ ಮೊದಲಿನಿಂದಲೂ ಇದ್ದ ಅಗ್ಗದ ಇಂಜೆಕ್ಷನ್. 2020ರ ಜೂನ್‌ನಲ್ಲಿ ಇಂಗ್ಲೆಂಡಿನ ರಿಕವರಿ ಪ್ರಯೋಗ, ವೆಂಟಿಲೇಟರಿನಲ್ಲಿದ್ದವರ ಸಾವನ್ನು ಅದು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ ಎಂದು ತೋರಿಸಿತು. ಆಕ್ಸಿಜನ್ ಬೇಕಾಗದವರಿಗೆ ಅದರಿಂದ ಉಪಯೋಗವಿಲ್ಲ ಎಂದೂ ಅದೇ ಪ್ರಯೋಗ ಹೇಳಿತ್ತು. ಮೊದಲ ವಾಕ್ಯ ಊರೆಲ್ಲ ಹರಡಿತು, ಎರಡನೆಯದು ಹರಡಲಿಲ್ಲ. ಬರೀ ಜ್ವರ ಬಂದವರೂ ಮನೆಯಲ್ಲೇ ಸ್ಟಿರಾಯ್ಡ್ ನುಂಗಿದರು. 2021ರ ಬೇಸಿಗೆಯಲ್ಲಿ ಕಪ್ಪು ಶಿಲೀಂಧ್ರ ಕಣ್ಣು, ದವಡೆ ತಿಂದಾಗ ಸಕ್ಕರೆ ಕಾಯಿಲೆಯ ಜೊತೆಗೆ ಈ ಲೆಕ್ಕವಿಲ್ಲದ ಸ್ಟಿರಾಯ್ಡೂ ಅದಕ್ಕೆ ದಾರಿ ಮಾಡಿತ್ತು. ಇಂಗ್ಲಿಷಿನ ಫಲಿತಾಂಶವನ್ನು ಮನೆಯವರಿಗೆ ಕನ್ನಡದಲ್ಲಿ ಹೇಳುವವರು ನೀವು. ಎರಡನೆಯ ವಾಕ್ಯವನ್ನು ನುಂಗಬೇಡಿ.

ಮೂರನೆಯದು ಚಿಕ್ಕದು. ನಿಮ್ಮ ಮನೆಯವರಿಗೆ, ಇಲ್ಲವೇ ನಿಮಗೇ, ಯಾವುದಾದರೂ ಆಸ್ಪತ್ರೆಯಲ್ಲಿ ‘ಈ ಅಧ್ಯಯನಕ್ಕೆ ಸೇರುತ್ತೀರಾ’ ಎಂದು ಕೇಳಬಹುದು. ಹೆದರಿ ಓಡಬೇಕಿಲ್ಲ; ಯಾರೂ ಸೇರದಿದ್ದರೆ ಮೇಲಿನ ಯಾವ ಉತ್ತರವೂ ಸಿಗುತ್ತಿರಲಿಲ್ಲ. ಆದರೆ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಮನೆಗೆ ತೆಗೆದುಕೊಂಡು ಹೋಗಿ ಓದಿ. ಓದಲು ಬಾರದವರಾದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಓದಿ ಹೇಳಬೇಕೆಂಬ ನಿಯಮವಿದೆ. ನಡುವೆ ಬೇಡವೆನಿಸಿದರೆ ಬಿಡಬಹುದು, ಬಿಟ್ಟರೆ ಮಾಮೂಲಿ ಚಿಕಿತ್ಸೆಗೆ ಕುತ್ತು ಬರಬಾರದು. ಪ್ರಯೋಗದಿಂದಲೇ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಉಂಟು. ಔಷಧಿ ಪ್ರಯೋಗಗಳ ಬಗೆಗಿನ 2019ರ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ದೇಶದ ಔಷಧಿ ಪ್ರಯೋಗಗಳೆಲ್ಲ 2009ರಿಂದ ಕಡ್ಡಾಯವಾಗಿ ಸಿಟಿಆರ್‌ಐ ಎಂಬ ನೋಂದಣಿಯಲ್ಲಿ ದಾಖಲಾಗಬೇಕು, ಮೊಬೈಲಿನಲ್ಲೇ ಹುಡುಕಿ ನೋಡಬಹುದು. ಅಲ್ಲಿ ಹೆಸರಿಲ್ಲದ ಪ್ರಯೋಗಕ್ಕೆ ಸಹಿ ಹಾಕಬೇಡಿ. ಮತ್ತೆ, ಬೆಂಗಳೂರಿಗೆ ಹೋಗಿ ದುಡ್ಡಿಗಾಗಿ ಆರೋಗ್ಯವಂತ ಸ್ವಯಂಸೇವಕರಾಗಿ ಮಾತ್ರೆ ನುಂಗಿ ರಕ್ತ ಕೊಟ್ಟು ಬರುವ ಹುಡುಗರಿಗೆ ಒಂದು ಮಾತು: ಒಂದರಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 90 ದಿನದ ಅಂತರ ಕೇಳುವುದು ನಿಮ್ಮ ಮೈಯ ಒಳಿತಿಗೆ. ಹೆಸರು ಬದಲಿಸಿ ಬೇರೆ ಕಡೆ ಹೋದರೆ ನಿಮ್ಮ ರಕ್ತವೂ ಹಾಳು, ಅವರ ಲೆಕ್ಕವೂ ಹಾಳು.

ಹೊಸದೆಲ್ಲ ಹುಸಿ ಎನ್ನುವ ಮುದುಕಿ ನಾನಲ್ಲ. ಔಷಧಿಗೆ ಬಗ್ಗದ ಕ್ಷಯಕ್ಕೆ ಮೊದಲು ಒಂದೂವರೆ, ಎರಡು ವರ್ಷ ಚಿಕಿತ್ಸೆ, ತಿಂಗಳುಗಟ್ಟಲೆ ಕ್ಯಾನಮೈಸಿನ್ ಚುಚ್ಚು. ರೋಗ ಹೋದರೂ ಕಿವಿ ಕೇಳದಾದವರನ್ನು ನಾನು ಕಂಡಿದ್ದೇನೆ. ಫಲಿತಾಂಶ ಚೆನ್ನಾಗಿದೆ ಎಂಬುದನ್ನು ಚೀಟಿಯಲ್ಲಿ ಬರೆದು ತೋರಿಸಬೇಕಾಗುತ್ತಿತ್ತು. ಈಗ ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲೈನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಎಂಬ ನಾಲ್ಕು ಮಾತ್ರೆಗಳ ಆರು ತಿಂಗಳ ಚಿಕಿತ್ಸೆ ಬಂದಿದೆ, ಚುಚ್ಚುಮದ್ದಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಇದೂ ಚೀಟಿ ಎತ್ತಿ, ಹೋಲಿಸಿ ನೋಡಿ ಗೆದ್ದು ಬಂದದ್ದೇ.

ಆದರೆ ಈಚಿನ ವರ್ಷಗಳಲ್ಲಿ ನನ್ನ ಮನಸ್ಸು ತುಂಬಿಸಿದ ಸಂಶೋಧನೆ ಔಷಧಿಯದ್ದಲ್ಲ, ಅಕ್ಕಿ ಬೇಳೆಯದ್ದು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ಕ್ಷಯ ರೋಗಿಗಳನ್ನೂ ಅವರ ಮನೆಯ 10,345 ಜನರನ್ನೂ ಸೇರಿಸಿಕೊಂಡು ಪರೀಕ್ಷೆ ನಡೆಸಿದರು. ರೋಗಿಗಳೆಲ್ಲರಿಗೂ ತಿಂಗಳಿಗೆ 10 ಕೆ.ಜಿ. ಪಡಿ. ಅರ್ಧದಷ್ಟು ಕಡೆ ಮನೆಮಂದಿಗೂ ತಲೆಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. 2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು: ಪಡಿ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗುಲುವುದು ಶೇ 39ರಷ್ಟು, ಸೋಂಕು ಹರಡಬಲ್ಲ ಬಗೆಯದ್ದು ಶೇ 48ರಷ್ಟು ಇಳಿದಿತ್ತು. ಮೊದಲ ಎರಡು ತಿಂಗಳಲ್ಲಿ ಶೇ 5ರಷ್ಟು ತೂಕ ಏರಿಸಿಕೊಂಡ ರೋಗಿಗಳಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. ಬೇಳೆ ತಿಂದರೆ ಒಳ್ಳೆಯದು ಎಂದು ನಮ್ಮವ್ವನೂ ಹೇಳುತ್ತಿದ್ದಳು, ನಿಜ. ಎಷ್ಟು ಒಳ್ಳೆಯದು ಎಂದು ಎಣಿಸಿ ತೋರಿಸಿದರೆ ಸರ್ಕಾರದ ಕೈ ಬಿಚ್ಚುತ್ತದೆ. ಕ್ಷಯ ರೋಗಿಗೆ ಆಹಾರಕ್ಕೆಂದು ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿ 2024ರ ನವೆಂಬರ್‌ನಿಂದ ಸಾವಿರವಾಗಿದೆ.

ಹಾಗಾಗಿ ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ತುಮಕೂರಿನ ಯಾವುದೋ ವಾರ್ಡಿನಲ್ಲೋ ಕೆಲಸಕ್ಕೆ ಸೇರಿದ ಮೊದಲ ವಾರ, ತೂಕದ ಯಂತ್ರ ಸರಿ ಇದೆಯೇ ನೋಡಿ. 40 ಕೆ.ಜಿ.ಯವರಿಗೆ ಎರಡು ತಿಂಗಳಲ್ಲಿ ಎರಡು ಕೆ.ಜಿ. ಏರಬೇಕು. ಏರಿಲ್ಲವೆಂದರೆ ಮಾತ್ರೆ ನುಂಗುತ್ತಿಲ್ಲ ಎಂದು ಮೊದಲೇ ಬೈಯಬೇಡಿ. ಸಾವಿರ ರೂಪಾಯಿ ಯಾರ ಖಾತೆಗೆ ಬೀಳುತ್ತಿದೆ, ಆ ಖಾತೆಯ ಎಟಿಎಂ ಕಾರ್ಡ್ ಯಾರ ಜೇಬಿನಲ್ಲಿದೆ, ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಅವರಿಗೆ ಪಾತ್ರೆಯಲ್ಲಿ ಏನು ಉಳಿದಿರುತ್ತದೆ, ಇವನ್ನು ಕೇಳಿ. ರೋಗಿ ಹೆಣ್ಣುಮಗಳಾದರೆ ಗಂಡನನ್ನೂ ಅತ್ತೆಯನ್ನೂ ಹೊರಗೆ ಕೂರಿಸಿ ಕೇಳಿ. ಅವಳು ಹೇಳಿದ್ದನ್ನು ಆನ್‌ಲೈನ್ ನಮೂನೆಯಲ್ಲಿ ತುಂಬಲು ಕಾಲಂ ಇಲ್ಲದಿದ್ದರೆ, ಒಂದು ಬಿಳಿ ಹಾಳೆಯಲ್ಲಿ ಬರೆದು ದಿನಾಂಕ ಹಾಕಿ ವೈದ್ಯಾಧಿಕಾರಿಯ ಮೇಜಿನ ಮೇಲಿಡಿ.